ಕತ್ತಲೆ ಮೊದಲು, ಚರ್ಮ ಕೊನೆಗೆ: ಹಳೆಯ ಗ್ರಾಫಿಕ್ ಕ್ಯಾಮೆರಾದ ದುರಸ್ತಿ ಮತ್ತು ಮರುಹೊದಿಕೆ

ಕಪ್ಪು ಚರ್ಮ ಹೊದ್ದ ಹಳೆಯ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಕೈಗೆ ಸಿಕ್ಕ ಕೂಡಲೇ ಅನೇಕರ ಉಗುರು ಎದ್ದು ನಿಂತ ಚರ್ಮದ ಅಂಚಿಗೆ ಹೋಗುತ್ತದೆ. ಒಳಗಿರುವುದು ಮಹೋಗನಿ ಎಂದು ಎಲ್ಲರಿಗೂ ಗೊತ್ತು. ಚರ್ಮ ಕಿತ್ತು, ಮರ ಉಜ್ಜಿ, ಮೆರುಗೆಣ್ಣೆ ಬಳಿದು ಷೋಕೇಸಿನಲ್ಲಿ ಕೂರಿಸಿದ ಗ್ರಾಫಿಕ್‌ಗಳ ಚಿತ್ರಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ನೋಡಲು ಚೆನ್ನ, ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಎಷ್ಟರೊಳಗೆ ಇನ್ನೂ ಪೂರ್ತಿ ಕತ್ತಲೆ ಉಳಿದಿದೆ ಎಂದು ಕೇಳಬೇಕೆನಿಸುತ್ತದೆ. ಕ್ಯಾಮೆರಾ ಎಂದರೆ ಬೆಳಕು ನುಸುಳದ ಪೆಟ್ಟಿಗೆ. ಹೊದಿಕೆ, ಹೊಳಪು ಎಲ್ಲ ಆಮೇಲಿನ ಮಾತು. ಈ ಬರಹ ಫೋಟೊ ತೆಗೆಯುವ ಉದ್ದೇಶದಿಂದ ಕ್ಯಾಮೆರಾವನ್ನು ಸರಿಪಡಿಸುವವರಿಗಾಗಿ.

ಸ್ಪೀಡ್ ಗ್ರಾಫಿಕ್ ಮೊದಲು ಬಂದದ್ದು 1912ರಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಿಂದ. 1940ರಲ್ಲಿ ಆನಿವರ್ಸರಿ, 1947ರಲ್ಲಿ ಪೇಸ್‌ಮೇಕರ್ ಮಾದರಿಗಳು ಬಂದವು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ದಶಕಗಳ ಕಾಲ ಇದ್ದದ್ದು ಇದೇ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೋ ಜಿಮಾ ದ್ವೀಪದ ಮೇಲೆ ಅಮೆರಿಕದ ಸೈನಿಕರು ಧ್ವಜ ಏರಿಸುವ 1945ರ ಚಿತ್ರವನ್ನು ಜೋ ರೋಸೆಂಥಾಲ್ ತೆಗೆದದ್ದು ಸ್ಪೀಡ್ ಗ್ರಾಫಿಕ್‌ನಲ್ಲಿ. ನಮ್ಮಲ್ಲಿ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ದೆಹಲಿಯ ರಾಜಕೀಯವನ್ನು ಸೆರೆಹಿಡಿದ ಕ್ಯಾಮೆರಾಗಳಲ್ಲೂ ಇದೊಂದು. ಸ್ಪೀಡ್‌ನ ತಮ್ಮನಂತಿರುವ ಕ್ರೌನ್ ಗ್ರಾಫಿಕ್‌ನಲ್ಲಿ ಹಿಂಬದಿಯ ಪರದೆ ಶಟರ್, ಅಂದರೆ ಫಿಲ್ಮಿನ ಮುಂದೆ ಉರುಳೆಗಳ ಮೇಲೆ ಓಡುವ ಬಟ್ಟೆಯ ಶಟರ್, ಇಲ್ಲ; ಅಷ್ಟರಮಟ್ಟಿಗೆ ಹಗುರ, ದುರಸ್ತಿಯೂ ಸುಲಭ. ಮೊದಲ ಬಾರಿಗೆ ಈ ಕೆಲಸಕ್ಕೆ ಕೈ ಹಾಕುವವರು ಕ್ರೌನ್ ಹುಡುಕಿಕೊಳ್ಳುವುದು ಒಳ್ಳೆಯದು. ಚರ್ಮ ಹೊದಿಸಿದ ಮರದ ಬೇರೆ ಕ್ಯಾಮೆರಾಗಳಿಗೂ ಇಲ್ಲಿ ಹೇಳುವ ಕ್ರಮ ಬಹುಮಟ್ಟಿಗೆ ಅನ್ವಯಿಸುತ್ತದೆ.

ಬಿಚ್ಚುವ ಮುನ್ನ

ಮೊದಲು ಕತ್ತಲೆ ಕೋಣೆಗೆ ಹೋಗಿ. ಸ್ಪೀಡ್ ಆದರೆ ಹಿಂಬದಿಯ ಪರದೆಯನ್ನು ತೆರೆದ ಸ್ಥಿತಿಗೆ ತಿರುಗಿಸಿಡಿ. ಬೆಲ್ಲೋಸನ್ನು, ಅಂದರೆ ಲೆನ್ಸಿಗೂ ಪೆಟ್ಟಿಗೆಗೂ ನಡುವಿನ ಮಡಿಕೆ ಮಡಿಕೆಯ ತಿದಿಯನ್ನು, ಪೂರ್ತಿ ಎಳೆದು, ಹಿಂದಿನಿಂದ ಒಂದು ಪುಟ್ಟ ಎಲ್‌ಇಡಿ ಟಾರ್ಚನ್ನು ಒಳಗಿಟ್ಟು, ಹಿಂಭಾಗವನ್ನು ದಪ್ಪ ಕಪ್ಪು ಬಟ್ಟೆಯಿಂದ ಮುಚ್ಚಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಅವಸರ ಮಾಡಿದರೆ ದೊಡ್ಡ ತೂತುಗಳು ಮಾತ್ರ ಕಾಣುತ್ತವೆ. ಬೆಲ್ಲೋಸ್ ಬಹುತೇಕ ಮಡಿಕೆಗಳ ಮೂಲೆಯಲ್ಲೇ ಸವೆಯುತ್ತದೆ. ಮರದ ಮೂಲೆಯ ಜೋಡಣೆ, ಲೆನ್ಸ್ ಕೂರಿಸಿದ ಹಲಗೆಯಾದ ಲೆನ್ಸ್ ಬೋರ್ಡಿನ ಸುತ್ತ, ತಿರುಪು ಕಳೆದುಹೋದ ರಂಧ್ರಗಳು, ಇವನ್ನೂ ನೋಡಿ. ಬೆಳಕು ಕಂಡಲ್ಲೆಲ್ಲ ಬಿಳಿ ಪೆನ್ಸಿಲಿನಿಂದ ಗುರುತು ಮಾಡಿ. ಈ ಗುರುತುಗಳೇ ನಿಮ್ಮ ಕೆಲಸದ ಪಟ್ಟಿ.

ನಂತರ ಹಗಲು ಬೆಳಕಿನಲ್ಲಿ ಎಲ್ಲ ಬದಿಗಳ ಫೋಟೊ ತೆಗೆದುಕೊಳ್ಳಿ, ಮೊಬೈಲಿನಲ್ಲಾದರೂ ಸಾಕು. ಬೆಡ್ಡಿನ ಮೇಲೆ, ಅಂದರೆ ಮುಂದಕ್ಕೆ ತೆರೆದುಕೊಳ್ಳುವ ಹಲಗೆಯ ಹಳಿಗಳ ಮೇಲೆ, ಅನಂತ ದೂರದ ಫೋಕಸ್ಸಿಗಾಗಿ ಕೂರಿಸಿದ ಎರಡು ತಡೆಗಳಿರುತ್ತವೆ. ಅವುಗಳ ಜಾಗವನ್ನು ಸೂಜಿಮೊನೆಯಿಂದ ಸಣ್ಣಗೆ ಗೀರಿ ಗುರುತಿಸಿ. ಪಕ್ಕದ ರೇಂಜ್‌ಫೈಂಡರನ್ನು, ಅಂದರೆ ದೂರ ಅಳೆದು ಫೋಕಸ್ ಮಾಡಲು ನೆರವಾಗುವ ಸಾಧನವನ್ನು, ಒಂದು ಲೆನ್ಸಿಗೆ, ಒಂದು ತಡೆಗೆ ಹೊಂದಿಸಿರುತ್ತಾರೆ. ಕಲಾರ್ಟ್ ಕಂಪನಿಯ ರೇಂಜ್‌ಫೈಂಡರನ್ನು ಮರಳಿ ಹೊಂದಿಸುವುದು ಸಾಧ್ಯ, ಆದರೆ ಅದಕ್ಕೆ ಬೇಕಾದ ತಾಳ್ಮೆಯನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳುವುದೇ ಜಾಣತನ. ಆದ್ದರಿಂದ ಅದನ್ನು ಬಿಚ್ಚುವಾಗ ಹೊರಗಿನ ತಿರುಪುಗಳನ್ನು ಮಾತ್ರ ತೆಗೆದು ಇಡಿಯಾಗಿ ಹೊರತೆಗೆಯಿರಿ. ಒಳಗಿನ ಹೊಂದಾಣಿಕೆಯ ತಿರುಪುಗಳನ್ನು ಮುಟ್ಟಬೇಡಿ.

ಒಂದು ರಟ್ಟಿನ ಮೇಲೆ ಕ್ಯಾಮೆರಾದ ಪ್ರತಿ ಬದಿಯ ಒರಟು ಚಿತ್ರ ಬರೆದು, ತೆಗೆದ ತಿರುಪನ್ನು ಅದೇ ಜಾಗದಲ್ಲಿ ಚುಚ್ಚಿಡಿ. ನೋಡಲು ಒಂದೇ ತರ ಇರುವ ತಿರುಪುಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಮರ ಸೀಳಿ ಒಳಗೆ ಮೊನೆ ಇಣುಕುತ್ತದೆ, ಬೆಲ್ಲೋಸನ್ನೂ ಚುಚ್ಚುತ್ತದೆ. ತಿರುಪುಳಿಯ ತುದಿ ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂರಬೇಕು. ಅಗಲ ಹೆಚ್ಚಿದ್ದರೆ ಅರದಿಂದ ಉಜ್ಜಿ ಸರಿಮಾಡಿಕೊಳ್ಳಿ. ಬಿಗಿದುಕೊಂಡ ತಿರುಪಿನ ಮೇಲೆ ಬಿಸಿ ಮಾಡಿದ ಬೆಸುಗೆ ಕಡ್ಡಿಯ ತುದಿಯನ್ನು ಸ್ವಲ್ಪ ಹೊತ್ತು ಇಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಲೆನ್ಸ್ ಬೋರ್ಡ್, ಹಿಂಭಾಗದ ಗ್ರೌಂಡ್ ಗ್ಲಾಸ್ (ಫೋಕಸ್ ನೋಡಲು ಚಿತ್ರ ಮೂಡುವ ಮಬ್ಬು ಗಾಜು) ಚೌಕಟ್ಟು, ವ್ಯೂಫೈಂಡರ್, ಕೈಪಟ್ಟಿ, ಈ ಕ್ರಮದಲ್ಲಿ ತೆಗೆಯಿರಿ. ಬೆಲ್ಲೋಸ್ ಗಟ್ಟಿಯಿದ್ದರೆ ಅದನ್ನು ಕೀಳುವ ಅಗತ್ಯವಿಲ್ಲ. ಮಡಚಿ ಒಳಗೆ ತಳ್ಳಿ ಬಟ್ಟೆ ಹೊದಿಸಿ. ಸ್ಪೀಡ್‌ನ ಪರದೆ ಶಟರಿನ ಉರುಳೆಗಳ ಒಳಗೆ ಸ್ಪ್ರಿಂಗ್ ಬಿಗಿದಿರುತ್ತದೆ. ಪರದೆ ಹರಿಯದೆ, ಸಲೀಸಾಗಿ ಓಡುತ್ತಿದ್ದರೆ ಆ ಕಡೆ ತಲೆ ಹಾಕಬೇಡಿ.

ಚರ್ಮ ಉಳಿಯುತ್ತದೆಯೇ?

ಎದ್ದ ಅಂಚುಗಳು, ತರಚಿದ ಮೂಲೆಗಳು, ಬಣ್ಣ ಮಾಸಿದ ಜಾಗಗಳು ಇಷ್ಟೇ ಇದ್ದರೆ ಹೊಸ ಚರ್ಮ ಬೇಡ. ಎದ್ದ ಜಾಗಕ್ಕೆ ಅಂಟು ತೂರಿಸಿ ಒತ್ತಿ ಕೂರಿಸಿ, ತರಚಿದ ಕಡೆ ಕಪ್ಪು ಚರ್ಮದ ಬಣ್ಣ ತೆಳ್ಳಗೆ ಹಚ್ಚಿದರೆ ಮುಗಿಯಿತು. ಛಾಯಾಗ್ರಾಹಕರೊಬ್ಬರ ಕೈ ಸವೆಸಿದ ಗುರುತು ಇರುವ ಚರ್ಮಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ಎಂಬುದು ನನ್ನ ಅಭಿಪ್ರಾಯ.

ಚರ್ಮದಡಿ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಅದು ಕಿಲುಬು. ಹಿತ್ತಾಳೆಯ ತಿರುಪು, ರಿವೆಟ್ಟುಗಳು ಚರ್ಮದ ಎಣ್ಣೆ ಮತ್ತು ಗಾಳಿಯ ತೇವದೊಂದಿಗೆ ಸೇರಿ ಹಸಿರು ಮೇಣದಂಥ ಪದಾರ್ಥ ಕಕ್ಕುತ್ತವೆ. ಚರ್ಮವನ್ನು ಅಷ್ಟು ಜಾಗದಲ್ಲಿ ಎತ್ತಿ, ಮರದ ಕಡ್ಡಿಯಿಂದ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಲೋಹದ ಮೇಲೆ ಒಂದು ಹನಿ ಮೆರುಗೆಣ್ಣೆ ಬಿಟ್ಟು ಮತ್ತೆ ಅಂಟಿಸಬಹುದು.

ಬೆರಳು ಆಡಿಸಿದಾಗ ಕೆಂಪು ಪುಡಿ ಅಂಟಿಕೊಂಡರೆ ಮಾತು ಬೇರೆ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ದಶಕಗಟ್ಟಲೆ ನಗರದ ಗಾಳಿಯಲ್ಲಿರುವ ಗಂಧಕದ ಡೈಆಕ್ಸೈಡನ್ನು ಹೀರುತ್ತದೆ. ಅದು ಒಳಗೇ ಗಂಧಕಾಮ್ಲವಾಗಿ ನಾರುಗಳನ್ನು ತಿಂದುಹಾಕುತ್ತದೆ. ಹಳೆಯ ಗ್ರಂಥಾಲಯಗಳ ಚರ್ಮದ ರಟ್ಟುಗಳನ್ನು ಮುಟ್ಟಿದವರಿಗೆ ಈ ಕೆಂಪು ಪುಡಿಯ ಪರಿಚಯವಿರುತ್ತದೆ. ಪುಸ್ತಕ ಸಂರಕ್ಷಕರು ಹೈಡ್ರಾಕ್ಸಿಪ್ರೊಪಿಲ್ ಸೆಲ್ಯುಲೋಸನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಬಳಿದು ಪುಡಿ ಉದುರುವುದನ್ನು ನಿಲ್ಲಿಸುತ್ತಾರೆ. ಕ್ಯಾಮೆರಾಕ್ಕೂ ಅದು ಸಲ್ಲುತ್ತದೆ, ಆದರೆ ಹೋದ ಶಕ್ತಿ ಮರಳುವುದಿಲ್ಲ. ಇಂಥ ಚರ್ಮಕ್ಕೆ ನೀರು ತಾಗಿಸಬೇಡಿ, ಕಪ್ಪಗಾಗಿ ಸೆಟೆದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯನ್ನಂತೂ ಯಾವ ಚರ್ಮಕ್ಕೂ ಹಚ್ಚಬೇಡಿ. ಎರಡು ದಿನ ಹೊಳೆಯುತ್ತದೆ, ಮಳೆಗಾಲ ಬಂದಾಗ ಬೂಷ್ಟಿಗೆ ಊಟವಾಗುತ್ತದೆ.

ಹಳೆಯ ಚರ್ಮ ತೆಗೆಯುವುದು

ಹೊಸ ಹೊದಿಕೆಯೇ ಬೇಕೆಂದು ನಿರ್ಧರಿಸಿದ ಮೇಲೂ ಹಳೆಯದನ್ನು ಕಸವೆಂದು ಎಣಿಸಬಾರದು. ಅದೇ ಹೊಸದಕ್ಕೆ ಅಳತೆ. ಮೊದಲು ಪ್ರತಿ ಬದಿಯ ಮೇಲೂ ತೆಳು ಕಾಗದ ಹರಡಿ ಪೆನ್ಸಿಲನ್ನು ಅಡ್ಡಡ್ಡ ಉಜ್ಜಿ. ರಂಧ್ರಗಳು, ಅಂಚುಗಳು, ಚರ್ಮದ ತುಂಡುಗಳು ಕೂಡುವ ಗೆರೆಗಳು ಎಲ್ಲವೂ ಕಾಗದದ ಮೇಲೆ ಮೂಡುತ್ತವೆ. ಚರ್ಮ ಕೀಳುವಾಗ ಹರಿದರೂ ನಿಮ್ಮ ಬಳಿ ನಕ್ಷೆ ಇರುತ್ತದೆ.

ಕೂದಲು ಒಣಗಿಸುವ ಡ್ರೈಯರಿನಿಂದ ಒಂದು ಮೂಲೆಯನ್ನು ಬೆಚ್ಚಗೆ ಮಾಡಿ, ಚಿತ್ರ ಕಲಾವಿದರು ಬಣ್ಣ ಕಲಸುವ ತೆಳು ಅಲಗನ್ನು ಅಡಿಗೆ ತೂರಿಸಿ, ಮರಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಸರಿಸಿ. ಅಂಟು ಬಿಡದ ಕಡೆ ಹತ್ತಿಯಲ್ಲಿ ಸ್ವಲ್ಪ ಐಸೊಪ್ರೊಪಿಲ್ ಆಲ್ಕೊಹಾಲ್ ತೆಗೆದುಕೊಂಡು ಅಂಚಿನಿಂದ ಹನಿಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಇರದಿರಲಿ. ಚರ್ಮದ ಪುಡಿ ಉಸಿರಿಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ.

ಕೆಳಗೆ ಕಾಣುವ ಮರ ಚಿತ್ರಗಳಲ್ಲಿ ನೋಡಿದಷ್ಟು ಚೆಲುವಾಗಿರುತ್ತದೆ ಎಂಬ ಭರವಸೆ ಇಲ್ಲ. ಕಾರ್ಖಾನೆಯವರು ಮಹೋಗನಿಯನ್ನು ಆರಿಸಿಕೊಂಡದ್ದು ಅದು ಹವೆ ಬದಲಾದರೂ ಹೆಚ್ಚು ಹಿಗ್ಗದೆ ಕುಗ್ಗದೆ ಇರುತ್ತದೆಂಬ ಕಾರಣಕ್ಕೆ. ಚರ್ಮದಡಿ ಮುಚ್ಚಿಹೋಗುವ ಮರವಾದ್ದರಿಂದ ಪುಟ್ಟಿ ತುಂಬಿದ ಕಲೆ, ಬಣ್ಣ ಹೊಂದದ ತುಂಡುಗಳು ಧಾರಾಳವಾಗಿ ಸಿಗುತ್ತವೆ. ಬರಿಮರವನ್ನೇ ಇಟ್ಟುಕೊಳ್ಳುವ ಆಸೆ ಇದ್ದವರು ಇಲ್ಲಿ ನಿಂತು ಇನ್ನೊಮ್ಮೆ ಯೋಚಿಸಲಿ.

ಮರದ ಆರೈಕೆ

ಹಳೆಯ ಅಂಟನ್ನು ಒದ್ದೆ ಬಟ್ಟೆಯ ಶಾಖದಿಂದ ಮೆದುಗೊಳಿಸಿ ಒರೆಸಿ. ಉಜ್ಜುವ ಕಾಗದ ಬೇಕಾದರೆ 240ರ ಮೇಲಿನ ನಯದ್ದನ್ನು ಮರದ ತುಂಡಿಗೆ ಸುತ್ತಿ ಬಳಸಿ. ಬೆರಳಿನಿಂದ ಒತ್ತಿ ಉಜ್ಜಿದರೆ ಅಂಚುಗಳು ಉರುಟಾಗುತ್ತವೆ, ಆಮೇಲೆ ಹಿಂಭಾಗದ ಚೌಕಟ್ಟು ಕೂರುವಲ್ಲಿ ಬೆಳಕಿಗೆ ಸಂದಿ ಸಿಗುತ್ತದೆ.

ತಿರುಪಿನ ರಂಧ್ರ ಸಡಿಲವಾಗಿದ್ದರೆ ಮರದ ಹಲ್ಲುಕಡ್ಡಿಯನ್ನು ಅಂಟಿನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಸಮಕ್ಕೆ ಕತ್ತರಿಸಿ. ಮೂಲೆಯ ಜೋಡಣೆ ಬಿಟ್ಟಿದ್ದರೆ ನೀರಾಗಿಸಿದ ಫೆವಿಕಾಲನ್ನು ಸಂದಿಗೆ ಎಳೆದುಕೊಳ್ಳಲು ಬಿಟ್ಟು, ಮೂಲೆಯ ಕೋನ ಸರಿಯಿದೆಯೇ ಎಂದು ಮೂಲೆಮಟ್ಟದಿಂದ ನೋಡಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ.

ಸಣ್ಣ ರಂಧ್ರಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಜೀವಂತವಾಗಿದೆ ಎಂದರ್ಥ. ಔಷಧ ಸಿಂಪಡಿಸುವುದಕ್ಕಿಂತ ಚಳಿಯೇ ಮೇಲು. ಲೆನ್ಸ್, ಬೆಲ್ಲೋಸ್, ಚರ್ಮ ಯಾವುದೂ ಇಲ್ಲದ ಬರಿಮರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಮರ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚಬೇಡಿ, ಇಲ್ಲವಾದರೆ ಮಂಜಿನ ನೀರು ಮರದ ಮೇಲೆ ಕೂರುತ್ತದೆ.

ಕೊನೆಗೆ ಅರಗಿನ ತೆಳು ಲೇಪ. ಬಣ್ಣದ ಅಂಗಡಿಗಳಲ್ಲಿ ಫ್ರೆಂಚ್ ಪಾಲಿಶ್‌ಗಾಗಿ ಮಾರುವ ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಸೋಸಿ, ಮೆತ್ತನೆಯ ಬಟ್ಟೆಯಿಂದ ಎರಡು ಕೈ ಬಳಿಯಿರಿ. ಮರದೊಳಕ್ಕೆ ತೇವ ಹೋಗುವುದು ಕಡಿಮೆಯಾಗುತ್ತದೆ, ಮುಂದೆ ಯಾರಾದರೂ ತೆಗೆಯಬೇಕೆಂದರೆ ಸ್ಪಿರಿಟ್‌ನಿಂದಲೇ ಬಿಟ್ಟುಕೊಳ್ಳುತ್ತದೆ. ಮಳೆ ಹಿಡಿದ ದಿನಗಳಲ್ಲಿ ಮಾತ್ರ ಇದನ್ನು ಮಾಡಬೇಡಿ. ಗಾಳಿಯ ತೇವ ಲೇಪದಲ್ಲಿ ಸಿಕ್ಕಿಕೊಂಡು ಬಿಳಿಚಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರಿಗೆ ಜನವರಿಯಿಂದ ಏಪ್ರಿಲ್‌ವರೆಗಿನ ದಿನಗಳೇ ಈ ಕೆಲಸಕ್ಕೆ ಸರಿ.

ಯಾವ ಚರ್ಮ?

ಆಡಿನ ಚರ್ಮ, ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪ, ತೊಗಟೆಯ ಹದ. ಚೀಲ ಹೊಲಿಯುವ ದನದ ಚರ್ಮ ಈ ಕೆಲಸಕ್ಕೆ ತೀರಾ ದಪ್ಪ. ಅದನ್ನು ಹೊದಿಸಿದರೆ ರೇಂಜ್‌ಫೈಂಡರ್ ಎತ್ತರವಾಗಿ ಕೂರುತ್ತದೆ, ಬೆಡ್ ಮುಚ್ಚುವುದಿಲ್ಲ. ತಮಿಳುನಾಡಿನಲ್ಲಿ ತಲೆಮಾರುಗಳಿಂದ ಹದ ಮಾಡುತ್ತ ಬಂದಿರುವ ಈಸ್ಟ್ ಇಂಡಿಯಾ ಚರ್ಮ, ವ್ಯಾಪಾರದ ಮಾತಿನಲ್ಲಿ ಇ.ಐ. ಚರ್ಮ, ಇದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಕೊನೆಗೆ ಅಳಲೆಕಾಯಿ, ಇವೇ ಅದರ ಹಳೆಯ ಹದದ ಸಾಮಗ್ರಿ. ಚೆನ್ನೈನ ಪೆರಿಯಮೇಟ್ ಚರ್ಮದ ಪೇಟೆಯಲ್ಲಿ ಕೇಳಬಹುದು. ಬೆಂಗಳೂರಿನಲ್ಲಾದರೆ ಹಳೆಯ ಕಾಲದ ಪುಸ್ತಕ ಕಟ್ಟುವವರನ್ನು ವಿಚಾರಿಸಿ; ಅವರಿಗೆ ತೆಳು ಚರ್ಮ ಸಿಗುವ ಜಾಗ ಗೊತ್ತಿರುತ್ತದೆ. ಕ್ಯಾಮೆರಾದ ಚರ್ಮಕ್ಕೆ ಹರಳು ಹರಳಾದ ಮೈ ಇರುತ್ತದೆ. ಹೊಸ ಚರ್ಮ ಕೊಳ್ಳುವಾಗ ಹಳೆಯದರ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಹೋಲಿಸಿ ನೋಡಿ.

ರೆಕ್ಸಿನ್? ಅಗ್ಗ, ಎಲ್ಲ ಕಡೆ ಸಿಗುತ್ತದೆ, ನಾನು ಬಳಸುವುದಿಲ್ಲ. ಅದರ ಪಿವಿಸಿ ಪದರದಿಂದ ಮೆದುಗೊಳಿಸುವ ಎಣ್ಣೆಯಂಶ ಕಾಲಕ್ರಮೇಣ ಹೊರಬಂದು ಮೈ ಜಿಗುಟಾಗುತ್ತದೆ. ಚರ್ಮ ಬೇಡವೆನ್ನುವವರು ಪುಸ್ತಕದ ರಟ್ಟಿಗೆ ಹೊದಿಸುವ ಒಳ್ಳೆಯ ಕಪ್ಪು ಬೈಂಡಿಂಗ್ ಬಟ್ಟೆ ತೆಗೆದುಕೊಳ್ಳಲಿ, ಚೆನ್ನಾಗಿಯೇ ಕಾಣುತ್ತದೆ.

ಅಂಟು

ಜನ ಹೆಚ್ಚಾಗಿ ಎಡವುವುದು ಇಲ್ಲಿ. ಚಪ್ಪಲಿ ಅಂಗಡಿಯ ಹಳದಿ ರಬ್ಬರ್ ಅಂಟು ಮುಟ್ಟಿದ ಕ್ಷಣವೇ ಹಿಡಿದುಬಿಡುತ್ತದೆ. ಒಂದು ಮಿಲಿಮೀಟರ್ ಓರೆಯಾಗಿ ಕೂತರೆ ಸರಿಸುವ ಅವಕಾಶವೇ ಇಲ್ಲ, ಮುಂದೆ ತೆಗೆಯಹೊರಟವರಿಗೆ ಚರ್ಮದ ಜೊತೆ ಮರದ ಸಿಬಿರೂ ಬರುತ್ತದೆ. ಮರದ ಮೇಲಿನ ಚರ್ಮಕ್ಕೆ ಮೈದಾ ಅಂಟೇ ಸರಿ. ಒಂದು ಪಾಲು ಮೈದಾವನ್ನು ನಾಲ್ಕು ಪಾಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತ, ಬಿಳಿ ಹೋಗಿ ಗಂಜಿಯಂತೆ ಅರೆಪಾರದರ್ಶಕವಾಗುವವರೆಗೆ ಬೇಯಿಸಿ. ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಹಿಡಿತ ಹೆಚ್ಚಬೇಕೆಂದರೆ ಕಾಲು ಪಾಲು ಫೆವಿಕಾಲ್ ಬೆರೆಸಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬೇಡ.

ಪುಸ್ತಕ ಕಟ್ಟುವವರು ಹುಳ ಬರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿ ಇದೆ. ಪುಸ್ತಕಕ್ಕೆ ಅದು ಸರಿಯಿರಬಹುದು. ಕ್ಯಾಮೆರಾದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಭಾಗಗಳಿವೆ, ತಾಮ್ರದ ಆ ಉಪ್ಪು ಅವನ್ನು ತಿನ್ನುತ್ತದೆ. ಬದಲಿಗೆ ಎರಡು ಹನಿ ಲವಂಗದ ಎಣ್ಣೆ ಹಾಕಿ, ಅಂಟನ್ನು ಅಂದಂದಿಗೆ ಮಾಡಿಕೊಳ್ಳಿ.

ಬೆಡ್ಡಿನ ಹೊರಮೈಯಂಥ ಲೋಹದ ಜಾಗಗಳಲ್ಲಿ ಮಾತ್ರ ಹಿಟ್ಟಿನ ಅಂಟು ನಿಲ್ಲುವುದಿಲ್ಲ. ಅಲ್ಲಿ ರಬ್ಬರ್ ಅಂಟಿಗೆ ಶರಣಾಗಲೇಬೇಕು: ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ, ಮಧ್ಯೆ ಬೆಣ್ಣೆ ಕಾಗದ ಇಟ್ಟು ಅದನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಒಂದು ಅಂಚಿನಿಂದ ಕೂರಿಸುತ್ತ ಹೋಗಿ.

ಹೊದಿಸುವುದು

ಮೂಲ ಹೊದಿಕೆಯಲ್ಲಿ ತುಂಡುಗಳು ಎಲ್ಲಿ ಕೂಡುತ್ತಿದ್ದವೋ ಅಲ್ಲೇ ಕೂಡಿಸಿ. ನಕ್ಷೆಗಿಂತ ಸುತ್ತಲೂ ನಾಲ್ಕೈದು ಮಿಲಿಮೀಟರ್ ಹೆಚ್ಚಿಗೆ ಕತ್ತರಿಸಿಕೊಳ್ಳಿ. ಒಳಕ್ಕೆ ಮಡಿಸಬೇಕಾದ ಅಂಚನ್ನು ಚಮ್ಮಾರರ ರಂಪಿಗೆಯಿಂದ ಮಾಂಸದ ಬದಿಯಲ್ಲಿ ಹೆರೆದು ಕಾಗದದಷ್ಟು ತೆಳುವಾಗಿಸಿ. ಕೈಗೆ ಅಭ್ಯಾಸವಿಲ್ಲದಿದ್ದರೆ ಅಷ್ಟು ಕೆಲಸವನ್ನು ಚಮ್ಮಾರರಿಂದಲೇ ಮಾಡಿಸಿಕೊಳ್ಳಿ. ಅವರು ಎರಡು ನಿಮಿಷದಲ್ಲಿ ಮುಗಿಸುವುದನ್ನು ನೋಡುವುದೇ ಒಂದು ಪಾಠ.

ಚರ್ಮದ ಹಿಂಬದಿಗೆ ಅಂಟು ಬಳಿದು ಐದು ನಿಮಿಷ ಬಿಡಿ. ಒದ್ದೆಯಾದ ಚರ್ಮ ಹಿಗ್ಗುತ್ತದೆ, ಹಿಗ್ಗಿದ ಮೇಲೆಯೇ ಮರದ ಮೇಲಿಡಬೇಕು. ಇನ್ನೊಂದು ಕೈ ಅಂಟು ಬಳಿದು, ಮಧ್ಯದಿಂದ ಹೊರಕ್ಕೆ ಅಂಗೈಯಿಂದ ನೇವರಿಸುತ್ತ ಕೂರಿಸಿ. ಎಳೆಯಬೇಡಿ. ಎಳೆದು ಕೂರಿಸಿದ ಚರ್ಮ ಒಣಗುವಾಗ ಕುಗ್ಗಿ ಮೂಲೆಗಳಲ್ಲಿ ಮರ ಬಿಟ್ಟು ನಿಲ್ಲುತ್ತದೆ. ಗಟ್ಟಿಯಾಗಿ ಉಜ್ಜಿದರೆ ಹರಳುಮೈ ಚಪ್ಪಟೆಯಾಗುತ್ತದೆ. ಒಂದು ಬದಿ ಮುಗಿದ ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ದಪ್ಪ ಬಟ್ಟೆ, ಅದರ ಮೇಲೆ ಹಲಗೆ ಇಟ್ಟು ಹಗುರವಾಗಿ ಭಾರ ಹೇರಿ. ಅಂದು ಇನ್ನೊಂದು ಬದಿಗೆ ಹೋಗಬೇಡಿ.

ರಂಧ್ರಗಳನ್ನು ಮೊದಲೇ ಹೊಡೆದಿಟ್ಟುಕೊಂಡರೆ ಹಿಗ್ಗಿದ ಚರ್ಮದಲ್ಲಿ ಅವು ಜಾಗ ತಪ್ಪುತ್ತವೆ. ಪೂರ್ತಿ ಒಣಗಿದ ನಂತರ, ಮರದ ಆಚೆಗೂ ತೂತಿರುವ ಕಡೆ ಒಳಗಿನಿಂದ ಸೂಜಿ ಚುಚ್ಚಿ ಜಾಗ ಕಂಡುಕೊಳ್ಳಿ. ಆಚೆಗೆ ತೂತಿಲ್ಲದ ಕಡೆ ಕಾಗದದ ನಕ್ಷೆ ಇಟ್ಟು ಹೊರಗಿನಿಂದ ದಬ್ಬಳದಿಂದ ಚುಚ್ಚಿ. ಹೆಚ್ಚಾದ ಅಂಚನ್ನು ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ, ಕತ್ತರಿಸಿದ ಬಿಳಿ ಅಂಚಿಗೆ ಕಪ್ಪು ಬಣ್ಣ ಹಚ್ಚಿ.

ಬೆಲ್ಲೋಸ್

ಬಿಳಿ ಪೆನ್ಸಿಲಿನ ಗುರುತುಗಳಿಗೆ ಈಗ ಬನ್ನಿ. ಸೂಜಿಮೊನೆಯಷ್ಟು ತೂತುಗಳಿಗೆ ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ತುಸು ಫೆವಿಕಾಲ್ ಬೆರೆಸಿ ಒಳಗಿನಿಂದ ಸಣ್ಣ ಕುಂಚದಲ್ಲಿ ಮುಟ್ಟಿಸಿದರೆ ಸಾಕು. ಸವೆದು ಹರಿದ ಮೂಲೆಗೆ ತೆಳುವಾದ ಕಪ್ಪು ಬಟ್ಟೆಯ ಚೂರನ್ನು ಸೈಕಲ್ ಪಂಕ್ಚರಿನ ಸಲ್ಯೂಷನ್‌ನಿಂದ ಅಂಟಿಸಿ. ಅದು ಒಣಗಿದ ಮೇಲೂ ಬಾಗುತ್ತದೆ. ಬೆಲ್ಲೋಸನ್ನು ಎಳೆದ ಸ್ಥಿತಿಯಲ್ಲೇ ಒಣಗಲು ಬಿಟ್ಟು, ಮರುದಿನ ನಿಧಾನವಾಗಿ ಮಡಚಿ ನೋಡಿ. ಪ್ರತಿ ತೇಪೆಯೂ ಮಡಿಕೆಯ ದಪ್ಪವನ್ನು ಹೆಚ್ಚಿಸುತ್ತದೆ. ತೇಪೆಗಳು ಹತ್ತನ್ನು ದಾಟುವಂತಿದ್ದರೆ ಹೊಸ ಬೆಲ್ಲೋಸ್ ತರಿಸುವುದೇ ಲೇಸು, ಇಲ್ಲವಾದರೆ ಕ್ಯಾಮೆರಾ ಮುಚ್ಚಿಕೊಳ್ಳುವುದೇ ಇಲ್ಲ.

ಜೋಡಣೆ ಮತ್ತು ಪರೀಕ್ಷೆ

ತಿರುಪುಗಳು ರಟ್ಟಿನಿಂದ ತಮ್ಮ ಜಾಗಕ್ಕೆ ಹೋಗಲಿ. ತಿರುಪನ್ನು ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಎಳೆಗೆ ಬಿದ್ದಾಗ ಸಣ್ಣ ಟಕ್ ಎನ್ನುತ್ತದೆ. ಆಮೇಲೆ ಬಲಕ್ಕೆ ಬಿಗಿದರೆ ಮರದಲ್ಲಿ ಹೊಸ ಎಳೆ ಕೊರೆಯುವುದು ತಪ್ಪುತ್ತದೆ. ಗ್ರೌಂಡ್ ಗ್ಲಾಸಿನೊಂದಿಗೆ ಎಕ್ಟಾಲೈಟ್ ಎಂಬ ಗೆರೆಗೆರೆಯ ಫ್ರೆನೆಲ್ ಹಾಳೆ (ಗಾಜಿನ ಮೇಲಿನ ಚಿತ್ರವನ್ನು ಬೆಳ್ಳಗೆ ಕಾಣಿಸುವ ಚಪ್ಪಟೆ ಲೆನ್ಸ್) ಇದ್ದರೆ ಮೊದಲು ಇದ್ದ ಕ್ರಮದಲ್ಲೇ ಇಡಿ. ಲೆನ್ಸಿನ ಕಡೆಗಿರುವ ಆ ಹಾಳೆಯ ದಪ್ಪವನ್ನೂ ಲೆಕ್ಕ ಹಿಡಿದೇ ಕಾರ್ಖಾನೆಯವರು ಫೋಕಸ್ ಕೂರಿಸಿದ್ದಾರೆ. ತೆಗೆದರೆ ಗಾಜಿನ ಮೇಲೆ ಚಿತ್ರ ಚೂಪಾಗಿ ಕಂಡರೂ ಫಿಲ್ಮಿನಲ್ಲಿ ಮಸುಕಾಗುತ್ತದೆ.

ಮತ್ತೊಮ್ಮೆ ಟಾರ್ಚಿನ ಪರೀಕ್ಷೆ ಮಾಡಿ. ಅದು ಪಾಸಾದ ಮೇಲೆ ದುಬಾರಿ ಫಿಲ್ಮನ್ನು ಒಡ್ಡುವ ಮುನ್ನ, ಕಪ್ಪುಬಿಳುಪು ಪ್ರಿಂಟ್ ಹಾಕುವ ಫೋಟೊ ಕಾಗದವನ್ನು 4×5 ಅಂಗುಲಕ್ಕೆ ಕತ್ತರಿಸಿ, ಫಿಲ್ಮ್ ಹಾಳೆ ಇಡುವ ಹೋಲ್ಡರಿಗೆ ತುಂಬಿ. ಲೆನ್ಸಿನ ಶಟರ್ ಮುಚ್ಚಿರಲಿ, ಹೋಲ್ಡರಿನ ಬೆಳಕು ತಡೆಯುವ ಮುಚ್ಚಳವಾದ ಡಾರ್ಕ್ ಸ್ಲೈಡನ್ನು ಎಳೆದು, ಬೆಲ್ಲೋಸ್ ಪೂರ್ತಿ ತೆರೆದು ಕ್ಯಾಮೆರಾವನ್ನು ಬಿಸಿಲಿನಲ್ಲಿ ಐದು ನಿಮಿಷ ನಾಲ್ಕೂ ಕಡೆಗೆ ತಿರುಗಿಸಿ. ಕಾಗದವನ್ನು ಡೆವಲಪ್ ಮಾಡಿ ತೊಳೆದಾಗ ಬೆಳ್ಳಗೇ ಬಂದರೆ ಕ್ಯಾಮೆರಾ ಸಿದ್ಧ. ಕಪ್ಪು ಗೆರೆಯೋ ಚುಕ್ಕಿಯೋ ಇದ್ದರೆ ಅದರ ಜಾಗವೇ ತೂತಿನ ದಿಕ್ಕು ತೋರಿಸುತ್ತದೆ. ಅಂಚಿನಲ್ಲಿ ಉದ್ದಕ್ಕೆ ಇದ್ದರೆ ಹೋಲ್ಡರ್ ಕೂರುವ ಚೌಕಟ್ಟನ್ನು ಮೊದಲು ಶಂಕಿಸಿ.

ಇಡುವಾಗ ಹಳೆಯ ಚರ್ಮದ ಪೆಟ್ಟಿಗೆಯಲ್ಲಿ ಇಡಬೇಡಿ, ಬೂಷ್ಟು ಅಲ್ಲಿಂದಲೇ ಲೆನ್ಸಿಗೆ ಹರಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಮತ್ತು ಒಂದು ತೇವಮಾಪಕ ಇಟ್ಟು, ತೇವ ಶೇಕಡಾ 40ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ. 40ಕ್ಕಿಂತ ಇಳಿದರೆ ಒಂದು ಪೊಟ್ಟಣ ಹೊರತೆಗೆಯಿರಿ; ಅತಿ ಒಣಗಿದ ಮರವೂ ಬಿರಿಯುತ್ತದೆ. ಸ್ಪೀಡ್‌ನ ಪರದೆಯನ್ನು ಸ್ಪ್ರಿಂಗ್ ಬಿಗಿದ ಸ್ಥಿತಿಯಲ್ಲಿ ಇಡಬೇಡಿ, ಮತ್ತು ತಿಂಗಳಿಗೊಮ್ಮೆ ಬೆಲ್ಲೋಸನ್ನು ಎಳೆದು ಗಾಳಿಗೆ ಬಿಡಿ.